ಟಿವಿಯ ಆ ಹಾಡಿಗೆ ನಾವೂ ಪಟ್ಟಿ ಕೊಟ್ಟಿದ್ದೆವು

ನಿಮ್ಮಲ್ಲಿ ಐವತ್ತು ದಾಟಿದವರಿಗೆ ಇದು ಖಂಡಿತ ನೆನಪಿರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಮೊಟ್ಟೆಯ ಜಾಹೀರಾತೊಂದು ಬರುತ್ತಿತ್ತು. ವಾರದ ಎರಡು ದಿನಗಳ ಹೆಸರು ಹೇಳಿ, ದಿನ ಯಾವುದಾದರೂ ಸರಿ, ಮೊಟ್ಟೆ ಮಾತ್ರ ತಪ್ಪಿಸಬೇಡಿ ಎನ್ನುವ ಹಿಂದಿ ಹಾಡು. ನಾನು ಆಗಷ್ಟೇ ಹುಕ್ಕೇರಿಯಿಂದ ಮೂಡಲಗಿಗೆ ಸೊಸೆಯಾಗಿ ಬಂದಿದ್ದೆ. ನಮ್ಮ ಓಣಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಸಂಜೆಯಾದರೆ ಓಣಿಯ ಮಕ್ಕಳೆಲ್ಲ ಆ ಮನೆಯ ಕಿಟಕಿಗೆ ಜೋತುಬೀಳುತ್ತಿದ್ದರು. ಹಿಂದಿಯ ಗಂಧವೂ ಇಲ್ಲದ ಮಕ್ಕಳು ಆ ಸಾಲನ್ನು ತಪ್ಪಿಲ್ಲದೆ ಹಾಡಿಕೊಂಡು ತಿರುಗುತ್ತಿದ್ದರು.

ನನ್ನ ಅತ್ತೆ ಹಿತ್ತಲಲ್ಲಿ ಹತ್ತು ಹನ್ನೆರಡು ಜವಾರಿ ಕೋಳಿ ಸಾಕಿದ್ದರು. ಸಂತೆಯ ದಿನ ಬುಟ್ಟಿಯಲ್ಲಿ ಹೊಟ್ಟು ಹಾಕಿ ಅದರಲ್ಲಿ ಮೊಟ್ಟೆ ಹುದುಗಿಸಿ ಮಾರಿ ಬರುತ್ತಿದ್ದರು. ನಮ್ಮ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತಾರೆ. ಅತ್ತೆ ಒಮ್ಮೆ ಆ ಜಾಹೀರಾತು ನೋಡಿ ಕೇಳಿದ ಪ್ರಶ್ನೆ ನನಗಿನ್ನೂ ನೆನಪಿದೆ. “ಸಾಬಾಣಕ್ಕ ಒಂದು ಹೆಸರೈತಿ, ಚಾಪುಡಿಗೆ ಒಂದು ಹೆಸರೈತಿ. ಈ ತತ್ತಿ ಯಾರ್ದು? ಯಾರ ಅಂಗಡಿಗಿ ಹೋಗಂತಾರ ಇವರು?”

ಯಾರಿಗೂ ಗೊತ್ತಿರಲಿಲ್ಲ. ಯೋಚಿಸಿದರೆ ವಿಚಿತ್ರವೇ! ಕಂಪೆನಿಯ ಹೆಸರಿಲ್ಲ, ಅಂಗಡಿಯ ಹೆಸರಿಲ್ಲ. ಯಾರ ಕೋಳಿ ಇಟ್ಟ ಮೊಟ್ಟೆಯನ್ನಾದರೂ ತಿನ್ನಿ ಎಂದು ಹೇಳಲು ಯಾರು ತಾನೆ ದುಡ್ಡು ಸುರಿಯುತ್ತಾರೆ? ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ನಾನೇ ಬರೆಯುತ್ತಿದ್ದ ಒಂದು ಲೆಕ್ಕದ ಪುಸ್ತಕದಲ್ಲಿ.

1994ರಲ್ಲಿ ನಮ್ಮ ಭಾವ, ಅಂದರೆ ನನ್ನ ಯಜಮಾನರ ಅಣ್ಣ, ಕಬ್ಬಿನ ಹೊಲದ ಅಂಚಿಗೆ ಒಂದು ಶೆಡ್ ಹಾಕಿಸಿದರು. ಎರಡು ಸಾವಿರ ಮೊಟ್ಟೆ ಕೋಳಿ. ಅರ್ಧ ಬ್ಯಾಂಕಿನ ಸಾಲ, ಅರ್ಧ ಮನೆಯ ಹೆಂಗಸರ ಬಂಗಾರ. ಮೂಡಲಗಿ ಈಗ ತಾಲ್ಲೂಕು, ಆಗ ಗೋಕಾಕ ತಾಲ್ಲೂಕಿಗೆ ಸೇರಿತ್ತು. ಸುತ್ತ ಎತ್ತ ನೋಡಿದರೂ ಕಬ್ಬು, ಗೋವಿನಜೋಳ, ಅರಿಸಿನ. ಕೋಳಿಗೆ ಬೇಕಾದ ಗೋವಿನಜೋಳ ಕಾಲಬುಡದಲ್ಲೇ ಸಿಗುತ್ತದೆ, ಇನ್ನೇನು ಬೇಕು ಎಂದು ಭಾವನ ಲೆಕ್ಕಾಚಾರ.

ಕೋಳಿ ಸಾಕಣೆ ಎಂದರೆ ಕಾಳು ಚೆಲ್ಲಿ ಮೊಟ್ಟೆ ಆರಿಸುವುದು ಎಂದುಕೊಂಡಿದ್ದ ನನಗೆ ಮೊದಲ ವರ್ಷವೇ ಕಣ್ಣು ಬಿಟ್ಟಿತು. ಮರಿ ತಂದು ಸುಮಾರು ಐದು ತಿಂಗಳು ಬರೀ ಖರ್ಚು. ಇಪ್ಪತ್ತು ವಾರ ತುಂಬಿದ ಮೇಲೆ ಮೊಟ್ಟೆ ಶುರು. ಒಂದೊಂದು ಕೋಳಿಗೆ ದಿನಕ್ಕೆ ನೂರು ನೂರಹತ್ತು ಗ್ರಾಂ ಆಹಾರ, ಎರಡು ಸಾವಿರ ಕೋಳಿಗೆ ಎಂದರೆ ದಿನಕ್ಕೆ ಎರಡು ಕ್ವಿಂಟಲಿಗೂ ಹೆಚ್ಚು. ಗೋವಿನಜೋಳ, ಸೋಯಾ ಹಿಂಡಿ, ಸುಣ್ಣದ ಅಂಶಕ್ಕೆ ಚಿಪ್ಪಿನ ಪುಡಿ. ಖರ್ಚಿನ ಬಹುಪಾಲು ಈ ಆಹಾರಕ್ಕೇ. ಬೆಳಿಗ್ಗೆ ಸಂಜೆ ಪಂಜರದ ಇಳಿಜಾರಿಗೆ ಉರುಳಿ ಬಂದ ಮೊಟ್ಟೆ ಆರಿಸುವುದು, ಒಡೆದದ್ದನ್ನು ಬೇರೆ ಇಡುವುದು, ಮೂವತ್ತರ ಟ್ರೇಗಳಲ್ಲಿ ಜೋಡಿಸುವುದು, ಇದೆಲ್ಲ ನನ್ನ ಮತ್ತು ನನ್ನ ಓರಗಿತ್ತಿಯ ಕೆಲಸ. ಹತ್ತನೆಯ ತರಗತಿವರೆಗೆ ಓದಿದ್ದೆನಲ್ಲ, ಲೆಕ್ಕದ ಪುಸ್ತಕವೂ ನನ್ನ ಪಾಲಿಗೇ ಬಂತು.

ಆ ಪುಸ್ತಕದಲ್ಲಿ ಆಗಾಗ ಒಂದು ಸಾಲು ಬರೆಯಬೇಕಾಗುತ್ತಿತ್ತು: “ಎನ್‌ಇಸಿಸಿ ವಂತಿಗೆ.” ದೊಡ್ಡ ಮೊತ್ತವಲ್ಲ. ಆದರೆ ಮಗಳ ಶಾಲೆಯ ಬೂಟಿಗೆ ಮುಂದಿನ ತಿಂಗಳು ನೋಡೋಣ ಎನ್ನುವ ಮನೆಯಲ್ಲಿ, ಯಾವುದೋ ಸಮಿತಿಗೆ ಕೊಡುವ ದುಡ್ಡು ಸಣ್ಣದಾದರೂ ಕಣ್ಣಿಗೆ ಚುಚ್ಚುತ್ತದೆ. ಒಂದು ದಿನ ಭಾವನನ್ನು ಕೇಳಿಯೇ ಬಿಟ್ಟೆ. “ಭಾಯಿಸಾಬ್, ಇದು ಯಾತಕ್ಕೆ ಕೊಡೋದು?”

ಅವರು ನಕ್ಕರು. “ಟಿವಿ ಹಾಡು ಕೇಳಿಲ್ಲೇನು? ಅದು ನಮ್ಮದು. ಉರುಸಿಗೆ ಓಣ್ಯಾಗ ಪಟ್ಟಿ ಎತ್ತತೇವಿ ನೋಡು, ಹಂಗ. ಕೋಳಿ ಸಾಕೋರೆಲ್ಲಾ ಪಟ್ಟಿ ಹಾಕಿ ಮಾಡಿಸಿದ್ದು.”

ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆ ತತ್ತಿ ನಮ್ಮದೇ!

ಭಾವ ಹೇಳಿದ್ದು ಮತ್ತು ನಾನು ಆಮೇಲೆ ಓದಿ ತಿಳಿದದ್ದು ಸೇರಿಸಿ ನಿಮಗೆ ಹೇಳುತ್ತೇನೆ. ಎಂಬತ್ತರ ದಶಕದ ಆರಂಭದಲ್ಲಿ ಮೊಟ್ಟೆ ಉತ್ಪಾದಕರ ಪಾಡು ಹದಗೆಟ್ಟಿತ್ತು. ಮೊಟ್ಟೆ ಇಟ್ಟುಕೊಳ್ಳುವ ವಸ್ತುವಲ್ಲ, ಇಂದಿನದು ಇಂದು ಇಲ್ಲವೇ ನಾಳೆ ಹೋಗಲೇಬೇಕು. ಪಟ್ಟಣದ ದೊಡ್ಡ ವ್ಯಾಪಾರಿ ಹೇಳಿದ್ದೇ ದರ. ಹಾಕಿದ ಖರ್ಚೂ ಹುಟ್ಟದೆ ಎಷ್ಟೋ ಶೆಡ್‌ಗಳು ಮುಚ್ಚಿದವು. ಆಗ ವೆಂಕಟೇಶ್ವರ ಹ್ಯಾಚರೀಸ್ ಸಂಸ್ಥೆ ಕಟ್ಟಿದ್ದ ಡಾ. ಬಿ.ವಿ. ರಾವ್ ಅವರು ಊರೂರು ತಿರುಗಿ ಸಭೆ ಮಾಡಿ ಕೋಳಿ ಸಾಕುವವರನ್ನು ಒಟ್ಟುಗೂಡಿಸಿದರು. 1982ರಲ್ಲಿ ಹುಟ್ಟಿದ್ದೇ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದರೆ ಎನ್‌ಇಸಿಸಿ. ‘ನನ್ನ ಮೊಟ್ಟೆ, ನನ್ನ ಬೆಲೆ, ನನ್ನ ಬದುಕು’ ಎಂಬುದು ಅದರ ಘೋಷವಾಕ್ಯ. ಪುಣೆಯಲ್ಲಿ ಮುಖ್ಯ ಕಚೇರಿ. ಸರ್ಕಾರದ ದುಡ್ಡಿಲ್ಲ, ಕೋಳಿ ಸಾಕುವವರದೇ ವಂತಿಗೆ. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಸಾಕಣೆದಾರರು ಇದರ ಸದಸ್ಯರಾದರು. ರಾವ್ ಅವರು 1996ರಲ್ಲಿ ತೀರಿಕೊಂಡರು, ಸಮಿತಿ ಉಳಿದುಕೊಂಡಿತು.

ಜನ ಈ ಸಮಿತಿಯನ್ನು ಹಾಡಿನಿಂದ ಗುರುತಿಸುತ್ತಾರೆ. ಆದರೆ ನಮ್ಮ ಮನೆಗೆ ಅದರ ನಿಜವಾದ ಬೆಲೆ ಗೊತ್ತಾದದ್ದು ದಿನಾ ಬೆಳಿಗ್ಗೆ ಬರುತ್ತಿದ್ದ ಒಂದು ಅಂಕಿಯಿಂದ. ದೇಶವನ್ನು ವಲಯಗಳಾಗಿ ಹಂಚಿಕೊಂಡು, ಎಲ್ಲಿ ಎಷ್ಟು ಮೊಟ್ಟೆ ಮಾರಾಟವಾಗದೆ ಉಳಿದಿದೆ, ಎಲ್ಲಿ ಬೇಡಿಕೆ ಇದೆ ಎಂದು ನೋಡಿ ನೂರು ಮೊಟ್ಟೆಗೆ ಇಷ್ಟು ಎಂದು ದರ ಸಾರುತ್ತಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಹೊಸಪೇಟೆ ದರ ಎಂದು ಬರುತ್ತದಲ್ಲ, ಅದೇ. ನಮ್ಮ ಭಾವ ಹೊಸಪೇಟೆ ದರ ನೋಡುತ್ತಿದ್ದರು. ಮೊದಮೊದಲು ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿ ಕೇಳುವುದು, ಆಮೇಲೆ ಮೊಬೈಲಿಗೆ ಮೆಸೇಜ್. ಹಾಗೆಂದು ಅದು ಕಾನೂನಲ್ಲ. ಇದು ಸೂಚಿತ ದರ ಮಾತ್ರ, ಕಡ್ಡಾಯವಲ್ಲ ಎಂದು ಸಮಿತಿಯೇ ಹೇಳುತ್ತದೆ. ಆದರೂ ಟೆಂಪೊ ತಂದು ನಿಲ್ಲಿಸಿದ ವ್ಯಾಪಾರಿಯ ಮುಂದೆ ಕೈಕಟ್ಟಿ ನಿಲ್ಲುವುದಕ್ಕೂ, “ಇವತ್ತಿನ ರೇಟು ಇಷ್ಟೈತಲ್ರೀ” ಎಂದು ಬಾಯಿಬಿಟ್ಟು ಹೇಳುವುದಕ್ಕೂ ಎಷ್ಟು ಅಂತರವಿದೆ ಎಂಬುದು ಮಾರಿದವರಿಗೇ ಗೊತ್ತು. ಗಂಡಸರು ಊರಲ್ಲಿ ಇಲ್ಲದ ದಿನ ನಾನೇ ಆ ಮಾತು ಹೇಳಿದ್ದೇನೆ. ವ್ಯಾಪಾರಿ ಇಷ್ಟು ಪೈಸೆ ಕಡಿಮೆ ಮಾಡಿ ಎಂದು ಎಳೆದಾಡುತ್ತಿದ್ದ, ನಿಜ. ಆದರೆ ಎಳೆದಾಟ ಶುರುವಾಗುತ್ತಿದ್ದದ್ದು ನಮ್ಮ ಅಂಕಿಯಿಂದ, ಅವನ ಅಂಕಿಯಿಂದಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೊಟ್ಟೆ ಆರಿಸುವವರು ನಾವು, ಲೆಕ್ಕ ಬರೆಯುವವಳು ನಾನು, ಅಡವಿಟ್ಟ ಬಂಗಾರ ನಮ್ಮದು. ಸಭೆಗೆ ಹೋಗುವವರು, ಸದಸ್ಯರೆಂದು ಹೆಸರಿದ್ದವರು ಭಾವ ಮಾತ್ರ. ಆಗ ಅದು ನನಗೆ ಸಹಜವೆಂದೇ ಅನಿಸಿತ್ತು. ಸಭೆಯಲ್ಲಿ ಕೊಟ್ಟ ಬಣ್ಣದ ಪೋಸ್ಟರ್ ತಂದು ಭಾವ ಶೆಡ್‌ನ ಬಾಗಿಲಿಗೆ ಅಂಟಿಸಿದರು. ಅದರಲ್ಲಿ ಮೊಟ್ಟೆ ಹಿಡಿದು ನಗುತ್ತಿದ್ದವಳು ಒಬ್ಬ ಹೆಂಗಸು!

ಈ ಪಟ್ಟಿಯ ಪದ್ಧತಿ ಮೊಟ್ಟೆಯಿಂದ ಶುರುವಾದದ್ದಲ್ಲ. ನೀವು ಕುಡಿಯುವ ಚಹಾ ನಮ್ಮ ಅಜ್ಜಿಯರ ಮನೆಗೆ ಬಂದದ್ದರ ಹಿಂದೆಯೂ ಇಂಥದೇ ದುಡ್ಡಿದೆ. 1903ರಲ್ಲಿ ಬ್ರಿಟಿಷ್ ಸರ್ಕಾರ ತೋಟದವರ ಬೇಡಿಕೆಯ ಮೇರೆಗೇ ಚಹಾದ ಮೇಲೆ ಸೆಸ್ ಹಾಕಿತು. ಆ ಹಣದಲ್ಲಿ ಊರೂರಿಗೆ ಚಹಾ ಪ್ರಚಾರ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿಗೂ 1935ರಲ್ಲಿ ಸೆಸ್ ಕಾನೂನು ಬಂತು, ಮರುವರ್ಷವೇ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು. ಬೆಳೆದವರ ದುಡ್ಡಿನಿಂದ ಕುಡಿಯುವವರನ್ನು ಬೆಳೆಸಿದರು ಎನ್ನಿ. ನಮ್ಮ ಸುತ್ತಲಿನ ಗಾಣಗಳಲ್ಲಿ ಅಷ್ಟು ಬೆಲ್ಲ ಕಾಯುತ್ತದೆ, ಗೋಕಾಕದ ಕರದಂಟು ಆ ಬೆಲ್ಲ ಮತ್ತು ಅಂಟಿನ ಮೇಲೇ ಹೆಸರು ಮಾಡಿದೆ. ಆದರೆ ಯಾರದೋ ಒಬ್ಬರ ಬೆಲ್ಲವಲ್ಲ, ಸುಮ್ಮನೆ ‘ಬೆಲ್ಲ ತಿನ್ನಿ’ ಎನ್ನುವ ಒಂದು ಜಾಹೀರಾತನ್ನು ನಾನು ಇದುವರೆಗೆ ಟಿವಿಯಲ್ಲಿ ನೋಡಿಲ್ಲ.

ಪಟ್ಟಿ ಎಂದ ಮೇಲೆ ಜಗಳ ಇಲ್ಲದೆ ಇರುತ್ತದೆಯೇ? ನಮ್ಮಲ್ಲೂ ಆಯಿತು. ನನ್ನ ಯಜಮಾನರ ವಾದ ನೇರವಾಗಿತ್ತು. “ನಾವು ಕೊಟ್ಟರೂ ಹಾಡು ಬರತೈತಿ, ಕೊಡದಿದ್ದರೂ ಬರತೈತಿ. ಆಚೆ ಊರಿನವ ಒಂದು ಪೈಸೆ ಕೊಟ್ಟಿಲ್ಲ, ಅವನ ತತ್ತಿನೂ ನಮ್ಮ ತತ್ತಿಯಷ್ಟಕ್ಕೇ ಹೋಗತೈತಿ. ನಾವೇನು ಹುಚ್ಚರಾ?” ಭಾವನಿಗೆ ಸಿಟ್ಟು. “ಎಲ್ಲಾರೂ ಹಂಗಂದ್ರ ಹಾಡೂ ಇಲ್ಲ, ರೇಟೂ ಇಲ್ಲ.” ಶ್ರಾವಣ ಬಂದಾಗ ಈ ಜಗಳ ಇನ್ನೂ ಬಿಸಿಯಾಗುತ್ತಿತ್ತು. ಆ ತಿಂಗಳು ನಮ್ಮ ನೆರೆಹೊರೆಯವರು ಮೊಟ್ಟೆ ಬಿಡುತ್ತಾರೆ, ದರ ಇಳಿಯುತ್ತದೆ. ಕೋಳಿಗೇನು ಶ್ರಾವಣವೇ, ಅದು ದಿನಾ ಇಡುತ್ತಲೇ ಇರುತ್ತದೆ. ಟ್ರೇ ಮೇಲೆ ಟ್ರೇ ಏರಿದಾಗ ಸಾರಿದ ದರಕ್ಕಿಂತ ಕೆಳಗೆ ಕೊಟ್ಟು ಕೈತೊಳೆದುಕೊಳ್ಳೋಣ ಎಂದು ಯಜಮಾನರು, ಮಾತು ಕೊಟ್ಟಿದ್ದೇವೆ ಎಂದು ಭಾವ. ನಾನು ಮನಸ್ಸಿನಲ್ಲಿ ಯಜಮಾನರ ಪಕ್ಷವೇ. ಒಂದು ಸಲವಂತೂ ಭಾವ ಊರಲ್ಲಿಲ್ಲದಾಗ ನಾವಿಬ್ಬರೂ ಅರವತ್ತು ಟ್ರೇ ಕಡಿಮೆ ದರಕ್ಕೆ ಕೊಟ್ಟೆವು. ಲೆಕ್ಕದ ಪುಸ್ತಕದಲ್ಲಿ ‘ಒಡೆದ ತತ್ತಿ’ ಎಂದು ಬರೆದು ಮುಚ್ಚಿದೆ. ಅರವತ್ತು ಟ್ರೇ ಒಡೆಯುತ್ತದೆಯೇ? ಭಾವ ಆ ಪುಟ ನೋಡಿದರು, ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಅಮೆರಿಕದಲ್ಲಿ ಈ ಜಗಳಕ್ಕೆ ಕಾನೂನಿನಿಂದಲೇ ತೆರೆ ಎಳೆದಿದ್ದಾರೆ. 1974ರ ಕಾನೂನಿನ ಪ್ರಕಾರ ಅಲ್ಲಿ ದೊಡ್ಡ ಉತ್ಪಾದಕರೆಲ್ಲ 360 ಮೊಟ್ಟೆಯ ಪೆಟ್ಟಿಗೆಗೆ 10 ಸೆಂಟಿನಂತೆ ಮೊಟ್ಟೆ ಮಂಡಳಿಗೆ ಕೊಡಲೇಬೇಕು. 75 ಸಾವಿರ ಕೋಳಿಯವರೆಗೆ ಇರುವವರಿಗೆ ವಿನಾಯಿತಿ. ನಮ್ಮ ಎರಡು ಸಾವಿರ ಅಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ ಬಿಡಿ! ದನದ ಮಾಂಸಕ್ಕೂ ಅಲ್ಲಿ ಹೀಗೇ ತಲೆಗೆ ಒಂದು ಡಾಲರ್. ಅದನ್ನು ಒಪ್ಪದ ಸಾಕಣೆದಾರರು, ನಮಗೆ ಬೇಡದ ಮಾತನ್ನು ನಮ್ಮ ದುಡ್ಡಿನಲ್ಲಿ ಆಡಿಸುವುದು ಯಾವ ನ್ಯಾಯ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 2005ರಲ್ಲಿ ಕೋರ್ಟು, ಅದು ಸರ್ಕಾರದ್ದೇ ಮಾತು ಎಂದು ಹೇಳಿ ವಂತಿಗೆಯನ್ನು ಎತ್ತಿಹಿಡಿಯಿತು. ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 2015ರಲ್ಲಿ ಅಲ್ಲಿನ ಮೊಟ್ಟೆ ಮಂಡಳಿ, ಮೊಟ್ಟೆ ಹಾಕದೆ ಮೇಯನೇಸ್ ತಯಾರಿಸುತ್ತಿದ್ದ ಹೊಸ ಕಂಪೆನಿಯೊಂದನ್ನು ಹಣಿಯಲು ಒಳಗೊಳಗೇ ಓಡಾಡಿದ್ದು ಇಮೇಲ್‌ಗಳಿಂದ ಬಯಲಾಯಿತು. ಸರ್ಕಾರವೇ ತನಿಖೆ ಮಾಡಿ ಅದು ತಪ್ಪೆಂದಿತು. ಮೊಟ್ಟೆ ತಿನ್ನಿ ಎನ್ನಲು ಕೊಟ್ಟ ಪಟ್ಟಿಯಿಂದ ಇನ್ನೊಬ್ಬರ ಅಂಗಡಿ ಮುಚ್ಚಿಸಲು ಹೊರಡುವುದೇ? ದುಡ್ಡು ಕೊಟ್ಟವರು ಆಗಾಗ ಲೆಕ್ಕ ಕೇಳದಿದ್ದರೆ ಹೀಗಾಗುತ್ತದೆ. ನಮ್ಮಲ್ಲೂ ಮರಿ ಮಾರುವವರು, ದೊಡ್ಡ ಫಾರಂನವರು, ನಮ್ಮಂಥ ಚಿಲ್ಲರೆ ಶೆಡ್‌ನವರು ಎಲ್ಲ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಚಾಪೆಯ ಮೇಲೆ ಯಾರಿಗೆ ಎಷ್ಟು ಜಾಗ ಎಂದು ಕೇಳುವ ಹಕ್ಕು ಎಲ್ಲರಿಗೂ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಈಗ 2006ಕ್ಕೆ ಬರುತ್ತೇನೆ. ಆ ವರ್ಷದ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ದೇಶದಲ್ಲಿ ಮೊದಲ ಸಲ. ನಕಾಶೆಯಲ್ಲಿ ನೋಡಿದರೆ ಅದು ಗುಜರಾತಿನ ಗಡಿ, ನಮ್ಮಿಂದ ಎಷ್ಟೋ ದೂರ. ಆದರೆ ನಮ್ಮವರಿಗೆ ಮಹಾರಾಷ್ಟ್ರ ಎಂದರೆ ಪಕ್ಕದ ಮನೆಯಲ್ಲವೇ, ಬಸ್ಸಿನಲ್ಲಿ ಕುಳಿತರೆ ಬಂದುಬಿಡುತ್ತದೆ. ಸುದ್ದಿ ಬಂದ ಮೂರನೆಯ ದಿನಕ್ಕೆ ವ್ಯಾಪಾರಿಯ ಟೆಂಪೊ ನಿಂತಿತು. ನಮ್ಮ ಶೆಡ್‌ನಲ್ಲಿ ಒಂದೇ ಒಂದು ಕೋಳಿಗೂ ಕಾಯಿಲೆ ಇರಲಿಲ್ಲ. ದಿನಕ್ಕೆ ಸಾವಿರದ ಏಳುನೂರು ಮೊಟ್ಟೆ ಬರುತ್ತಲೇ ಇತ್ತು. ಶೆಡ್ ತುಂಬಿತು, ಪಡಸಾಲೆ ತುಂಬಿತು, ಕೊನೆಗೆ ನಾವು ಮಲಗುವ ಕೋಣೆಯಲ್ಲೂ ಗೋಡೆಯುದ್ದಕ್ಕೂ ಟ್ರೇಗಳು.

ನಗರಗಳಲ್ಲಿ ಉದ್ಯಮದವರು ಕೋಳಿ-ಮೊಟ್ಟೆ ಮೇಳ ಮಾಡಿ ಜನರಿಗೆ ಪುಕ್ಕಟೆ ಉಣಬಡಿಸಿದರು. ಚೆನ್ನಾಗಿ ಬೇಯಿಸಿದ ಮೊಟ್ಟೆ, ಮಾಂಸದಿಂದ ಜ್ವರ ಬರುವುದಿಲ್ಲ ಎಂದು ವೈದ್ಯರೂ ಹೇಳುತ್ತಿದ್ದರು. ಅದನ್ನು ಕೇಳಿ ನನಗೂ ಒಂದು ಹುಮ್ಮಸ್ಸು ಬಂತು. ಒಂದು ಶುಕ್ರವಾರ ಮಧ್ಯಾಹ್ನ ದೊಡ್ಡ ಪಾತ್ರೆಯಲ್ಲಿ ಮೂರು ಟ್ರೇ ಮೊಟ್ಟೆ ಬೇಯಿಸಿ, ಸುಲಿದು, ಉಪ್ಪು ಮೆಣಸಿನಪುಡಿ ಹಾಕಿ ತಾಟಿನಲ್ಲಿಟ್ಟು ಕಟ್ಟೆಯ ಮೇಲೆ ಕುಳಿತೆ. ಓಣಿಯ ಮಕ್ಕಳು ಬಂದವು. ಹಿಂದೆಯೇ ತಾಯಂದಿರು ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಅವರನ್ನು ದೂರಲಾರೆ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಎದುರು ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದರು. “ಮೊದಲ ನಿಮ್ಮ ಹುಡುಗಿಗಿ ಕೊಡ್ರಿ ಬೀಬಿ, ನಾವು ನೋಡತೇವಿ.”

ನನ್ನ ಮಗಳಿಗಾಗ ಹತ್ತು ವರ್ಷ. ಮೊಟ್ಟೆಯನ್ನು ಅವಳ ಮುಂದೆ ಹಿಡಿದೆ. ಅವಳು ನನ್ನ ಮುಖ ನೋಡಿದಳು, ಮೊಟ್ಟೆ ನೋಡಿದಳು. “ಬೇಡ ಅಮ್ಮೀ. ಶಾಲೆಯಲ್ಲಿ ಹೇಳಿದಾರೆ” ಎಂದು ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಓಣಿಯೆಲ್ಲ ನೋಡುತ್ತಿತ್ತು. ಗದರಿಸಿ ತಿನ್ನಿಸಬಹುದಿತ್ತು. ಆದರೆ ನನ್ನ ಎದೆಯೊಳಗೇ ಒಂದು ಅಳುಕು... ಒಂದು ವೇಳೆ? ನಾನೇ ಸಾಕಿದ ಕೋಳಿ, ನಾನೇ ಬೇಯಿಸಿದ ಮೊಟ್ಟೆ. ಆದರೂ ಆ ಅಳುಕು. ಇಷ್ಟು ವರ್ಷ ಹಾಡು ಹಾಡಿ ಕಟ್ಟಿದ್ದು ಒಂದು ಸುದ್ದಿಗೆ ಹೇಗೆ ಕುಸಿಯುತ್ತದೆ ಎಂಬುದು ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ. ಅದು ಬೇರೆಲ್ಲೂ ಕುಸಿದಿರಲಿಲ್ಲ, ನನ್ನೊಳಗೇ ಕುಸಿದಿತ್ತು.

ಆಗ ಎದ್ದು ಬಂದವರು ನನ್ನ ಅತ್ತೆ. ಅವರು ನಮ್ಮ ಶೆಡ್‌ನ ಮೊಟ್ಟೆಯನ್ನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬಾಯಿಗಿಟ್ಟವರಲ್ಲ. “ಅದು ಮಿಷನ್ ತತ್ತಿ, ರುಚಿ ಇಲ್ಲ” ಎಂದು ತಮ್ಮ ಜವಾರಿ ಕೋಳಿಯ ಮೊಟ್ಟೆಯನ್ನೇ ತಿನ್ನುತ್ತಿದ್ದವರು. ಏನೂ ಮಾತಾಡದೆ ತಾಟಿನಿಂದ ಒಂದು ತೆಗೆದು ತಿಂದರು. ನೀರು ಕುಡಿದರು. ಇನ್ನೊಂದು ತೆಗೆದು ಅದನ್ನೂ ತಿಂದರು. ಎದುರು ಮನೆಯ ಅಜ್ಜಿ ಕಟ್ಟೆ ಇಳಿದು ಬಂದು, “ನಿನಗ ಏನಾರ ಆದ್ರ ನನಗೂ ಆಗಲಿ ತಗೋ” ಎಂದು ತಾವೂ ಒಂದು ಎತ್ತಿಕೊಂಡರು. ಸಂಜೆಯೊಳಗೆ ತೊಂಬತ್ತರಲ್ಲಿ ಮೂವತ್ತೋ ನಲವತ್ತೋ ಖಾಲಿಯಾದವು.

ಅದರಿಂದ ಶೆಡ್ ಉಳಿಯಿತೇ ಎಂದು ಕೇಳಬೇಡಿ. ಉಳಿಯಲಿಲ್ಲ. ಓಣಿ ಗೆದ್ದರೆ ಸಂತೆ ಗೆದ್ದಂತಾಗುವುದಿಲ್ಲ. ಆಹಾರ ಕೊಡುವವ ಉದ್ರಿ ನಿಲ್ಲಿಸಿದ. ಖರ್ಚಿನ ಅರ್ಧವೂ ಹುಟ್ಟದ ದರಕ್ಕೆ ಮೊಟ್ಟೆ ಕೊಟ್ಟೆವು, ಕೊಳೆತದ್ದನ್ನು ಗುಂಡಿ ತೋಡಿ ಹೂತೆವು. ಬೇಸಿಗೆ ಕಳೆದ ಮೇಲೆ ದರ ಏರಿತು, ಆದರೆ ಅಷ್ಟರಲ್ಲಿ ನಮ್ಮ ಉಸಿರು ಮುಗಿದಿತ್ತು. ದರ ಕುಸಿದಾಗ ಸಮಿತಿಯ ಪರವಾಗಿ ಮಾರುಕಟ್ಟೆಯಲ್ಲಿ ಮೊಟ್ಟೆ ಕೊಂಡು ಶೈತ್ಯಾಗಾರದಲ್ಲಿಡುವ ವ್ಯವಸ್ಥೆಯೂ ಇದೆ ಎಂದು ಭಾವ ಹೇಳುತ್ತಿದ್ದರು. ಇರಬಹುದು. ಮೂಡಲಗಿಯ ನಮ್ಮ ಪಡಸಾಲೆಯವರೆಗೆ ಅದು ಬಂದು ಮುಟ್ಟಲಿಲ್ಲ. 2007ರಲ್ಲಿ ಕೊನೆಯ ಕೋಳಿಗಳನ್ನು ಮಾಂಸಕ್ಕೆ ಕೊಟ್ಟು ಶೆಡ್‌ಗೆ ಬೀಗ ಹಾಕಿದೆವು. ನನ್ನ ನಾಲ್ಕು ಬಳೆ ಬ್ಯಾಂಕಿನಿಂದ ಮನೆಗೆ ಬರದೆ ನೇರವಾಗಿ ಅಂಗಡಿಗೇ ಹೋದವು.

2020ರ ಮಾರ್ಚ್‌ನಲ್ಲಿ ಇದೆಲ್ಲ ಮತ್ತೆ ಕಣ್ಣಮುಂದೆ ಬಂತು. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಮ್ಮ ಗೋಕಾಕ ತಾಲ್ಲೂಕಿನಲ್ಲೇ ಒಬ್ಬರು ಸಾವಿರಾರು ಕೋಳಿಗಳನ್ನು ಗುಂಡಿಗೆ ಸುರಿದು ಜೀವಂತ ಹೂತುಬಿಟ್ಟರು. ಆ ದೃಶ್ಯ ದೇಶದ ಟಿವಿಗಳಲ್ಲೆಲ್ಲ ಬಂತು, ನೀವೂ ನೋಡಿರಬಹುದು. ಎಷ್ಟೋ ಜನ ಬೈದರು. ಮೂಕಜೀವಿಯನ್ನು ಹಾಗೆ ಮಾಡಬಾರದು, ನಾನೂ ಒಪ್ಪುತ್ತೇನೆ. ಆದರೆ ನಾಳೆಯ ಆಹಾರಕ್ಕೆ ದುಡ್ಡಿಲ್ಲದೆ, ಕೊಳ್ಳುವವರಿಲ್ಲದೆ, ಸಾವಿರಾರು ಹಸಿದ ಕೋಳಿಗಳ ಕೂಗು ರಾತ್ರಿಯಿಡೀ ಕೇಳುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿರುವುದರಿಂದ ಬೈಯಲು ನಾಲಿಗೆ ಏಳಲಿಲ್ಲ. ಅವರದು ಮಾಂಸದ ಕೋಳಿ, ನಮ್ಮದು ಮೊಟ್ಟೆಯ ಕೋಳಿ. ವದಂತಿಗೆ ಆ ಭೇದವಿಲ್ಲ.

ಹಾಗಾದರೆ ಅಷ್ಟು ವರ್ಷ ಕೊಟ್ಟ ಪಟ್ಟಿ ನೀರಿಗೆ ಹೋಯಿತೇ? ಬಹಳ ದಿನ ನಾನು ಹಾಗೇ ಅಂದುಕೊಂಡಿದ್ದೆ. ಈಗ ಹಾಗೆ ಹೇಳಲಾರೆ. 1980-81ರಲ್ಲಿ ನಮ್ಮ ದೇಶದ ಮೊಟ್ಟೆ ಉತ್ಪಾದನೆ ಸುಮಾರು 1,000 ಕೋಟಿ ಇತ್ತು. 2023-24ರಲ್ಲಿ ಅದು 14,277 ಕೋಟಿ. ತಲೆಗೆ ವರ್ಷಕ್ಕೆ 103 ಮೊಟ್ಟೆ. ಇದೆಲ್ಲ ಹಾಡಿನಿಂದಲೇ ಆಯಿತು ಎಂದರೆ ಯಾರೂ ನಂಬುವುದಿಲ್ಲ, ಹೊಸ ತಳಿ, ಒಳ್ಳೆಯ ಆಹಾರ, ಜನರ ಕೈಯಲ್ಲಿ ನಾಲ್ಕು ಕಾಸು ಎಲ್ಲವೂ ಸೇರಿವೆ. ಆದರೆ ಕಾಯಿಲೆ ಬಿದ್ದಾಗಲೋ ಬಾಣಂತನದಲ್ಲೋ ಮಾತ್ರ ಮೊಟ್ಟೆ ಕೊಡುತ್ತಿದ್ದ ಮನೆಗಳಲ್ಲಿ ಅದು ದಿನದ ಊಟವಾಯಿತಲ್ಲ, ಆ ಬದಲಾವಣೆಯಲ್ಲಿ ಹಾಡಿಗೂ ಒಂದು ಪಾಲಿದೆ. 2022ರಿಂದ ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳ ಶಾಲೆಗಳಲ್ಲೂ ಬಿಸಿಯೂಟದ ಜೊತೆ ಮೊಟ್ಟೆ ಬಂತು. ತಿನ್ನದ ಮಕ್ಕಳಿಗೆ ಆಗ ಬಾಳೆಹಣ್ಣು ಇಲ್ಲವೇ ಚಿಕ್ಕಿ ಕೊಡುತ್ತಿದ್ದರು. ಅದರ ಬಗ್ಗೆ ಎದ್ದ ವಾದವಿವಾದ ನಿಮಗೆ ಗೊತ್ತೇ ಇದೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಒಂದು ಮೊಟ್ಟೆಗೆ 6 ರೂಪಾಯಿ ಎಂದು ಲೆಕ್ಕ ಹಾಕಿದ್ದರು. ಚಳಿಗಾಲದಲ್ಲಿ ಅಂಗಡಿಯ ದರ ಅದನ್ನು ದಾಟಿದರೆ ಮುಖ್ಯೋಪಾಧ್ಯಾಯಿನಿಯರಿಗೆ ತಲೆನೋವು. ದರ ಇಳಿದರೆ ಸಾಕುವವನಿಗೆ ಅಳು, ಏರಿದರೆ ಬೇಯಿಸುವವಳಿಗೆ ಅಳು!

ಈಗ ನನ್ನದೊಂದು ತಮಾಷೆ ಕೇಳಿ. ಅತ್ತೆ ತೀರಿಕೊಂಡ ಮೇಲೆ ಅವರ ಜವಾರಿ ಕೋಳಿಗಳು ನನ್ನ ಪಾಲಿಗೆ ಬಂದವು. ಹದಿನೈದು ಇವೆ. ಅಂಗಡಿಯ ಮೊಟ್ಟೆಯ ದರ ಏರಿದಾಗ ನಾನೂ ಒಂದೆರಡು ರೂಪಾಯಿ ಏರಿಸುತ್ತೇನೆ. ಮೊಟ್ಟೆ ಒಳ್ಳೆಯದು ಎಂದು ಜನರಿಗೆ ಹೇಳುವ ಖರ್ಚು ಯಾರದೋ, ದರ ಸಾರುವ ಶ್ರಮ ಯಾರದೋ, ಲಾಭ ನನಗೂ ಬರುತ್ತದೆ. ಒಂದು ಪೈಸೆ ವಂತಿಗೆ ಕೊಡುವುದಿಲ್ಲ. ಆಚೆ ಊರಿನವನ ಬಗ್ಗೆ ನನ್ನ ಯಜಮಾನರು ಆಡಿದ ಮಾತು ನೆನಪಾಗಿ ಒಬ್ಬಳೇ ನಗುತ್ತೇನೆ.

ಕಳೆದ ಚಳಿಗಾಲದಲ್ಲಿ ಭಾವನ ಕಿರಿಯ ಮಗ ಬಂದು ನನ್ನ ಹಳೆಯ ಲೆಕ್ಕದ ಪುಸ್ತಕ ಕೇಳಿದ. ಸಾಲ ಮಾಡಿ ಹತ್ತು ಸಾವಿರ ಕೋಳಿಯ ಶೆಡ್ ಹಾಕುತ್ತಾನಂತೆ. ನನ್ನ ಎದೆ ಧಸಕ್ಕೆಂದಿತು. ಆದರೂ ಪೆಟ್ಟಿಗೆಯಿಂದ ತೆಗೆದು ಕೊಟ್ಟೆ. ಅವನೂ ಅವನ ಹೆಂಡತಿಯೂ ನೆಲದ ಮೇಲೆ ಪುಟ ಹರಡಿಕೊಂಡು ಕುಳಿತರು. ಆ ಹುಡುಗಿ ಬಿ.ಕಾಂ. ಓದಿದವಳು, ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಿದ್ದಳು. “ಚಾಚಿ, ಈ ವಂತಿಗೆ ಅಂದರೆ?” ಎಂದಳು. ಹೇಳಿದೆ. “ಹಾಗಾದರೆ ಸಭೆಗೆ ಯಾರು ಹೋಗಬಹುದು?” ಎಂದು ಕೇಳಿದಳು. ಗಂಡ ಅವಳ ಮುಖ ನೋಡಿದ. ಯಾರ ಹೆಸರಿನಲ್ಲಿ ಶೆಡ್ ಇದೆಯೋ ಅವರು, ಎಂದೆ. ಅವಳು ಏನನ್ನೋ ಗುರುತು ಹಾಕಿಕೊಂಡು ಪುಟ ತಿರುವಿದಳು. ‘ಒಡೆದ ತತ್ತಿ, 60 ಟ್ರೇ’ ಎಂಬ ಸಾಲಿಗೆ ಬಂದಾಗ ತಲೆ ಎತ್ತಿ, “ಇಷ್ಟೊಂದು ಒಡೆಯುತ್ತಾ?” ಎಂದಳು.

ಮೂಲೆಯ ಮಂಚದ ಮೇಲೆ ಮಲಗಿದ್ದ ಭಾವ ಕಣ್ಣುಮುಚ್ಚಿಕೊಂಡೇ ನಕ್ಕರು. ನಾನು ಚಹಾ ಮಾಡುತ್ತೇನೆಂದು ಒಳಗೆ ಎದ್ದು ಹೋದೆ.

ಚಹಾ ತರುವ ಹೊತ್ತಿಗೆ ಆ ಹುಡುಗಿ ಮೊಬೈಲ್ ಹಿಡಿದು, “ಇವತ್ತಿನ ಹೊಸಪೇಟೆ ರೇಟು ಎಷ್ಟಿದೆ ನೋಡೋಣ” ಎನ್ನುತ್ತಿದ್ದಳು. ನೆಟ್‌ವರ್ಕ್ ಸಿಗದೆ ಚಕ್ರ ಸುತ್ತುತ್ತಲೇ ಇತ್ತು. ಕೋಳಿ ಹೋಗಿ ಇಷ್ಟು ವರ್ಷವಾದರೂ ಬೆಳಿಗ್ಗೆ ಎದ್ದು ದರ ನೋಡುವ ಚಟ ಬಿಡದ ಭಾವ ಮಂಚದಿಂದಲೇ ಆ ದಿನದ ಅಂಕಿ ಹೇಳಿದರು, ಪೈಸೆ ಸಮೇತ.